ಕಾಗದದೂರಿನ ರಿಲೇಗಳು

ಇತಿಹಾಸದ ಪುಸ್ತಕಗಳಲ್ಲಿ ಕಾರ್ಲ್‌ಸ್ಟಾಡ್‌ಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. 1905ರಲ್ಲಿ ಸ್ವೀಡನ್ ಮತ್ತು ನಾರ್ವೆ ಬೇರೆ ಮನೆ ಮಾಡುವ ಮಾತುಕತೆ ಇಲ್ಲೇ ನಡೆಯಿತು ಎಂಬುದು ಆ ಸಾಲು. ಇಲ್ಲಿ ನೆಲೆಸಿರುವ ನಮಗೆ ಮಾತ್ರ ಇದು ಕಾಗದದ ಊರು. 1860ರಲ್ಲಿ ಶುರುವಾದ ಕಾರ್ಲ್‌ಸ್ಟಾಡ್ ಮೆಕಾನಿಸ್ಕಾ ವರ್ಕ್‌ಸ್ಟಾಡ್ ಮುಂದೆ ಕಾಗದ ಯಂತ್ರಗಳಿಗೆ ಹೆಸರಾಯಿತು. ಅದರ ವಾರಸುದಾರಿಕೆ ಈಗ ವಾಲ್ಮೆಟ್ ಕಂಪನಿಯದು. ಊರಿನ ದಕ್ಷಿಣಕ್ಕೆ ಸ್ಕೂಗ್‌ಹಾಲ್ ಕಾರ್ಖಾನೆ, ಪಶ್ಚಿಮಕ್ಕೆ ಗ್ರೂಮ್ಸ್‌ನ ಗ್ರೂವೋನ್ ಕಾರ್ಖಾನೆ. ದಾಂಡೇಲಿಯ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಮೂಗೇ ಉಳಿದದ್ದನ್ನು ಹೇಳುತ್ತದೆ!

ಕಾಳಿ ನದಿಯ ದಂಡೆಯಲ್ಲಿ 1959ರಿಂದ ಕಾಗದ ಮಾಡುತ್ತಿರುವ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇರಲಿ, ಇಲ್ಲಿನ ಕಾರ್ಖಾನೆಗಳಿರಲಿ, ಅಡುಗೆ ಒಂದೇ. 1884ರಲ್ಲಿ ಕಾರ್ಲ್ ದಾಲ್ ಪೇಟೆಂಟ್ ಪಡೆದ ಸಲ್ಫೇಟ್ ಪದ್ಧತಿ ಅದು. ಮರವನ್ನೋ ಬಿದಿರನ್ನೋ ಚೂರು ಮಾಡಿ, ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಬೆರೆತ ದ್ರಾವಣದಲ್ಲಿ ಬೇಯಿಸಬೇಕು. ಬೇಯುವಾಗ ಗಂಧಕದ ಅನಿಲಗಳು ಏಳುತ್ತವೆ, ಕೊಳೆತ ಮೊಟ್ಟೆಯ ವಾಸನೆ. ಈಗ ಅವನ್ನು ಹಿಡಿದು ಸುಡುತ್ತಾರೆ, ಹಾಗಾಗಿ ಕಾಟ ಬಹಳ ಕಡಿಮೆ. ಆದರೆ ಮೂಗಿಗೆ ತಿಳಿಯದಷ್ಟು ಅನಿಲ ಇದ್ದರೂ ಬೆಳ್ಳಿಗೆ ತಿಳಿಯುತ್ತದೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾದಾಗ ಅಮ್ಮ ವಿಭೂತಿ ಹಾಕಿ ಉಜ್ಜುತ್ತಿದ್ದರಲ್ಲ, ಅದೇ ಕಪ್ಪು. ರಿಲೇ ಎಂಬ ಸಾಧನದ ಒಳಗೆ ಇರುವುದೂ ಬೆಳ್ಳಿಯೇ. ಕಾಗದ ಕಾರ್ಖಾನೆಗಳ ರಿಲೇಗಳು ಬೇರೆ ಕಡೆಯವಕ್ಕಿಂತ ಬೇಗ ಕಾಯಿಲೆ ಬೀಳಲು ಇದೊಂದು ಮುಖ್ಯ ಕಾರಣ.

ರಿಲೇ ಎಂದರೇನು? ಹೆಸರಿನಲ್ಲೇ ಉತ್ತರವಿದೆ. ದಾರಿಯಲ್ಲಿ ದಣಿದ ಕುದುರೆ ಬಿಟ್ಟು ಹೊಸ ಕುದುರೆ ಹತ್ತುವುದಕ್ಕೆ ಫ್ರೆಂಚರು ಇಟ್ಟ ಹೆಸರು ಅದು. ನಮ್ಮ ಮೈಸೂರು ಅಂಚೆಯಲ್ಲಿ ಒಬ್ಬ ಓಟಗಾರ ಚೀಲವನ್ನು ಮುಂದಿನವನ ಕೈಗೆ ದಾಟಿಸುತ್ತಿದ್ದನಲ್ಲ, ಹಾಗೆ. (ಮಿಂಚಂಚೆಯಲ್ಲಿ ಬರುವ ಪತ್ರಿಕೆಗೆ ಇದಕ್ಕಿಂತ ಒಪ್ಪುವ ಹೋಲಿಕೆ ಎಲ್ಲಿ ಸಿಕ್ಕೀತು!) ದೂರದಿಂದ ಬಂದು ಸೊರಗಿದ ತಂತಿಯ ವಿದ್ಯುತ್ತು ಒಂದು ಸುರುಳಿಯನ್ನು ಅಯಸ್ಕಾಂತ ಮಾಡುತ್ತದೆ, ಅದು ಕಬ್ಬಿಣದ ಪಟ್ಟಿಯನ್ನು ಎಳೆಯುತ್ತದೆ, ಆಗ ಎರಡು ಬೆಳ್ಳಿ ಬಿಂದುಗಳು ಕೂಡಿ ಹೊಸದೊಂದು ವಿದ್ಯುತ್ತನ್ನು ಮುಂದಕ್ಕೆ ಓಡಿಸುತ್ತವೆ. 1830ರ ದಶಕದಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಮಾಡಿ ತೋರಿಸಿದ್ದು ಇಷ್ಟೇ. ತಂತಿ, ದೂರವಾಣಿ, ರೈಲ್ವೆ ಸಿಗ್ನಲ್, ಕಾರ್ಖಾನೆ ಎಲ್ಲವೂ ಮುಂದೆ ಇದರ ಮೇಲೆ ನಿಂತವು.

ನಮ್ಮ ಗಣಕ ವಿದ್ಯೆಯೂ ನಿಂತಿತು. ಕ್ಲಾಡ್ ಶಾನನ್ 1937ರಲ್ಲಿ ಬರೆದ ಸ್ನಾತಕೋತ್ತರ ಪ್ರಬಂಧದ ವಿಷಯವೇ ರಿಲೇ ಮಂಡಲಗಳು. ನಾವೂ ಒಂದೊಂದು ಸ್ನಾತಕೋತ್ತರ ಪ್ರಬಂಧ ಬರೆದವರೇ, ಆ ಮಾತು ಇಲ್ಲಿ ಬೇಡ! ಸ್ವೀಡನ್ನಿನ ಮೊದಲ ಗಣಕ 'ಬಾರ್ಕ್' 1950ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕೆಲಸ ಶುರು ಮಾಡಿತು. ಕಾನಿ ಪಾಮ್ ಮುಂದಾಳತ್ವದ ತಂಡ ಅದನ್ನು ಕಟ್ಟಿದ್ದು ಅಂಗಡಿಯ ಸರಕಿನಂತಹ ಮಾಮೂಲಿ ದೂರವಾಣಿ ರಿಲೇಗಳಿಂದ. ಸುಮಾರು 8,000 ರಿಲೇಗಳು, 80 ಕಿ.ಮೀ. ತಂತಿ, 1,75,000 ಬೆಸುಗೆಗಳು. ಎರಡು ಸಂಖ್ಯೆ ಕೂಡಲು 150 ಮಿಲಿಸೆಕೆಂಡು. ನಾಲ್ಕೂವರೆ ವರ್ಷಕ್ಕೆ, 1954ರ ಸೆಪ್ಟೆಂಬರಿನಲ್ಲಿ, ಅದನ್ನು ನಿಲ್ಲಿಸಿದರು. ಅದೇ ಕಾಲಕ್ಕೆ ಬೆಂಗಳೂರಿನ ದೂರವಾಣಿನಗರದಲ್ಲಿ, 1948ರಲ್ಲಿ ಹುಟ್ಟಿದ ಐ.ಟಿ.ಐ. ಕಾರ್ಖಾನೆ ಸ್ಟ್ರೌಜರ್ ದೂರವಾಣಿ ಕೇಂದ್ರಗಳನ್ನು ತಯಾರಿಸುತ್ತಿತ್ತು. ಅವುಗಳ ತುಂಬ ಕೂಡ ರಿಲೇಗಳೇ.

ಗಣಕಗಳು ರಿಲೇಯನ್ನು ಬೇಗ ಬಿಟ್ಟವು, ಕಾರ್ಖಾನೆಗಳು ಬಿಡಲಿಲ್ಲ. ಕಾಗದ ಯಂತ್ರದ ಪಂಪು, ಮೋಟಾರು, ಕವಾಟಗಳನ್ನು ಯಾವ ಕ್ರಮದಲ್ಲಿ ನಡೆಸಬೇಕು, ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನವೆಲ್ಲ ಬೀರುಗಳ ತುಂಬ ಕೂತ ರಿಲೇಗಳದು. ಈಗ ಒಂದು ಸಣ್ಣ ಲೆಕ್ಕ. ಸಾಮಾನ್ಯ ಕೈಗಾರಿಕಾ ರಿಲೇ ಹೊರೆಯಿಲ್ಲದೆ 1 ಕೋಟಿ ಬಾರಿ ಬಡಿಯಬಲ್ಲದು. ಪೂರ್ತಿ ಹೊರೆ ಹೊತ್ತರೆ ಸುಮಾರು 1 ಲಕ್ಷ ಬಾರಿ ಮಾತ್ರ. ಐದು ಸೆಕೆಂಡಿಗೊಮ್ಮೆ ಬಡಿದರೆ ದಿನಕ್ಕೆ 17,280 ಬಾರಿ. ಅಂದರೆ ಪೂರ್ತಿ ಹೊರೆಯ ರಿಲೇ ಒಂದು ವಾರ ತುಂಬುವುದರೊಳಗೆ ತನ್ನ ಆಯಸ್ಸು ಮುಗಿಸುತ್ತದೆ, ಹಗುರ ಹೊರೆಯದು ಒಂದು ವರ್ಷಕ್ಕೂ ಹೆಚ್ಚು ಬಾಳಬಲ್ಲದು. ಆದ್ದರಿಂದ ರಿಪೇರಿ ಮಾಡುವವನು ಮೊದಲು ಕೇಳಬೇಕಾದದ್ದು 'ಯಾವುದು ಕೆಟ್ಟಿದೆ' ಎಂದಲ್ಲ, 'ಇದು ಏನನ್ನು ಹೊತ್ತಿತ್ತು' ಎಂದು.

ಏಕೆಂದರೆ ರೋಗಗಳು ಎರಡು ಬಗೆ. ಮೋಟಾರು, ಸೊಲೆನಾಯ್ಡ್‌ನಂತಹ ಭಾರದ ಹೊರೆ ಬಿಡಿಸುವಾಗ ಕಿಡಿ ಹಾರಿ ಬಿಂದುವಿನಲ್ಲಿ ಗುಳಿ ಬೀಳುತ್ತದೆ. ಏಕಮುಖ ವಿದ್ಯುತ್ತಾದರೆ ಒಂದು ಬಿಂದುವಿನ ಲೋಹ ಕರಗಿ ಎದುರಿನದಕ್ಕೆ ಹೋಗಿ ಮೊಳೆಯ ಹಾಗೆ ಕೂರುತ್ತದೆ. ಹಳೆಯ ಸ್ಕೂಟರಿನ ಸಿ.ಬಿ. ಪಾಯಿಂಟ್ ಬಿಚ್ಚಿ ನೋಡಿದವರಿಗೆ ಈ ಗುಳಿ-ಮೊಳೆ ಹೊಸದಲ್ಲ. ಹಗುರವಾದ ಸಂಕೇತ ಸಾಗಿಸುವ ರಿಲೇಗೆ ಇದರ ತದ್ವಿರುದ್ಧದ ತೊಂದರೆ. ಅಲ್ಲಿ ಕಿಡಿಯೇ ಇಲ್ಲ. ಕಿಡಿ ಇಲ್ಲದ್ದರಿಂದಲೇ ಗಂಧಕದ ಕಪ್ಪು ಪೊರೆ ಸುಟ್ಟುಹೋಗದೆ ಉಳಿದು ದಾರಿ ಮುಚ್ಚುತ್ತದೆ. ದೂರವಾಣಿ ರಿಲೇಗಳಲ್ಲಿ ಬಿಂದುಗಳನ್ನು ಜೋಡಿಯಾಗಿ ಇಟ್ಟದ್ದು ಇದಕ್ಕೇ. ಎರಡಕ್ಕೂ ಒಟ್ಟಿಗೆ ಮಂಕು ಕವಿಯುವುದು ಅಪರೂಪ.

ಕೈಗೆ ಮೊದಲು ಸಿಗುವುದು ಮರಳು ಕಾಗದ, ಅದೇ ಮಾಡಬಾರದ ಕೆಲಸ. ಮರಳಿನ ಕಣ ಮೆತ್ತನೆಯ ಬೆಳ್ಳಿಯೊಳಗೆ ಕೂತು ಹೊಸ ರೋಗ ತರುತ್ತದೆ, ಚಿನ್ನದ ಲೇಪವಿದ್ದರೆ ಅದೂ ಹೋಯಿತು. ತಿಳಿದವರು ಬಳಸುತ್ತಿದ್ದುದು ನಯವಾದ ಉಕ್ಕಿನ ಒರೆಪಟ್ಟಿ. ಪೊರೆ ತೆಳುವಾಗಿದ್ದರೆ ಅದೂ ಬೇಡ, ಶುಭ್ರವಾದ ಗಟ್ಟಿ ಬಿಳಿ ಕಾಗದದ ಸೀಳನ್ನು ಬಿಂದುಗಳ ನಡುವೆ ಇಟ್ಟು, ಮೆಲ್ಲಗೆ ಒತ್ತಿ ಹಿಡಿದು ಎಳೆಯುವುದು. ಕಾಗದದ ಮೇಲೆ ಕಪ್ಪು ಗೆರೆ ಮೂಡದ ತನಕ! ಕಾಗದ ಮಾಡುವಾಗ ಹತ್ತಿದ ಮಸಿಯನ್ನು ಕಾಗದವೇ ಒರೆಸುವುದು ನಮಗೆ ಬಹಳ ಹಿಡಿಸಿದ ಸಂಗತಿ. ಆಮೇಲೆ ಸ್ಪ್ರಿಂಗ್ ಪಟ್ಟಿಗಳ ಬಿಗಿಯನ್ನು ಗ್ರಾಂ ಲೆಕ್ಕದ ಮಾಪಕದಿಂದ ನೋಡಿ, ಬಿಂದುಗಳ ಅಂತರವನ್ನು ಹಾಳೆ ಮಾಪಕದಿಂದ ಸರಿಮಾಡುವುದು. ಬಾಗಿಸುವ ಇಕ್ಕಳ ಕೂದಲೆಳೆಯಷ್ಟು ಹೆಚ್ಚಿದರೂ ಇನ್ನೊಂದು ಬಿಂದು ಕೆಡುತ್ತದೆ. ಇದನ್ನು ಪುಸ್ತಕ ಓದಿ ಕಲಿಯಲಾಗದು, ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕಿತ್ತು. ಕೆಟ್ಟ ರಿಲೇಯನ್ನು ಸದ್ದಿನಿಂದಲೇ ಗುರುತಿಸಬಹುದಿತ್ತು. 'ಟಕ್' ಎನ್ನಬೇಕಾದದ್ದು 'ಟರ್' ಎಂದರೆ ಸುರುಳಿಗೆ ವಿದ್ಯುತ್ತು ಸಾಲುತ್ತಿಲ್ಲ.

1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಈ ಬೀರುಗಳಿಗೆ ಬದಲಿ ಕೇಳಿತು. ಡಿಕ್ ಮೋರ್ಲಿ ಮತ್ತು ಸಂಗಡಿಗರು ಮಾಡಿಕೊಟ್ಟ ಮಾಡಿಕಾನ್ 084ರಿಂದ ಪಿ.ಎಲ್.ಸಿ. ಯುಗ ಶುರುವಾಯಿತು. ಅದಕ್ಕೆ ತಂತ್ರಾಂಶ ಬರೆಯುವ ಭಾಷೆ ಏಣಿಯ ಚಿತ್ರದಂತಿತ್ತು, ರಿಲೇ ನಕ್ಷೆಯನ್ನೇ ಎತ್ತಿ ಪರದೆಯ ಮೇಲೆ ಇಟ್ಟಂತೆ. ಎಲೆಕ್ಟ್ರೀಷಿಯನ್‌ಗಳು ಹೊಸದನ್ನು ಕಲಿಯದೆ ಕೆಲಸ ಮುಂದುವರಿಸಲೆಂದು ಹಾಗೆ ಮಾಡಿದ್ದು. ನಮ್ಮ ವೃತ್ತಿಯಲ್ಲಿ ಹಳಬರ ಕೈಗೆ ಇಷ್ಟು ಗೌರವ ಸಿಕ್ಕ ಉದಾಹರಣೆ ಬೇರೆ ನೆನಪಾಗುತ್ತಿಲ್ಲ. ಆದರೂ ಕಸುಬು ಉಳಿಯಲಿಲ್ಲ. ಅನೇಕ ಪಿ.ಎಲ್.ಸಿ.ಗಳ ಹೊರದಾರಿಯಲ್ಲಿ ಇಂದಿಗೂ ಸಣ್ಣ ರಿಲೇಗಳಿವೆ, ಅವೂ ಸವೆಯುತ್ತವೆ. ಆದರೆ ಅವು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಗಳು. ಬಿಂದುವಿಗೆ ಕಾಗದ ತಾಗಿಸಲು ಜಾಗವೇ ಇಲ್ಲ, ಬೆಸುಗೆ ಬಿಡಿಸಿ ಹೊಸದು ಹಾಕಬೇಕು. ಪರದೆಯ ಮೇಲಿನ ಏಣಿಯಲ್ಲಿ ಬಿಂದು ಎಂದೂ ಕಪ್ಪಾಗುವುದಿಲ್ಲ. ತಂತ್ರಾಂಶ 'ತೆರೆದಿದೆ' ಎಂದು ತೋರಿಸುವಾಗ ಡಬ್ಬಿಯೊಳಗಿನ ಬಿಂದು ಬೆಸೆದುಕೊಂಡು ಮೋಟಾರು ಓಡುತ್ತಿರಬಹುದು.

ಕಾಗದ ಯಂತ್ರದ ಉರುಳೆಗಳ ನಡುವೆ ಕೈ ಸಿಕ್ಕಿಕೊಂಡವನಿಗೆ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ. ಅದಕ್ಕೆಂದೇ ತುರ್ತುನಿಲುಗಡೆಗೆ ಬೇರೆಯೇ ಜಾತಿಯ ರಿಲೇ ಇದೆ. ಅದರ ಬಿಂದುಗಳನ್ನು ಒಂದಕ್ಕೊಂದು ಯಾಂತ್ರಿಕವಾಗಿ ಕಟ್ಟಿರುತ್ತಾರೆ. ಒಂದು ಬೆಸೆದುಕೊಂಡರೆ ಅದರ ಎದುರಾಳಿ ಬಿಂದು ಮುಚ್ಚಲಾರದು, ಕಾವಲು ಮಂಡಲ ಅದನ್ನು ಕಂಡು ಯಂತ್ರ ಮತ್ತೆ ಹೊರಡದಂತೆ ತಡೆಯುತ್ತದೆ. ಇಂಥವನ್ನು ಒರೆಸಿ ಮತ್ತೆ ಹಾಕಬಾರದು, ಬದಲಿಸಲೇಬೇಕು. ರಿಪೇರಿಯ ಬಗ್ಗೆ ಎಷ್ಟೇ ಮಮತೆಯಿದ್ದರೂ ಈ ಜಾಗದಲ್ಲಿ ನಾವು ಹೊಸ ಡಬ್ಬಿಯ ಪಕ್ಷ.

ಬಳಗದಲ್ಲಿ ಐ.ಟಿ.ಐ.ನಲ್ಲೋ ದಾಂಡೇಲಿಯಲ್ಲೋ ರಿಲೇ ಬೀರುಗಳ ಮುಂದೆ ದುಡಿದವರ ಮಕ್ಕಳಿದ್ದರೆ, ಅಪ್ಪನನ್ನೋ ಅಮ್ಮನನ್ನೋ ಒಂದು ಮಾತು ಕೇಳಿ ಬರೆಯಿರಿ. ಆ ಒರೆಪಟ್ಟಿಗೆ, ಬಾಗಿಸುವ ಇಕ್ಕಳಕ್ಕೆ ಅಲ್ಲಿ ಕನ್ನಡದಲ್ಲಿ ಏನೆನ್ನುತ್ತಿದ್ದರು?