ಎದೆಯ ಯಂತ್ರವೂ ಆಕಾಶದ ದಾರಿಯೂ

ಕಳೆದ ಬೇಸಗೆಯಲ್ಲಿ ನಮ್ಮ ಸೋದರಮಾವನವರಿಗೊಂದು ಸಂಕಟ ಬಂದೊದಗಿತು. ಅವರ ಒಬ್ಬಳೇ ಮಗಳು ಇರುವುದು ಕ್ಯಾಲಿಫೋರ್ನಿಯದಲ್ಲಿ. ಅವಳಿಗೆ ದಿನ ತುಂಬುತ್ತ ಬಂದಿತ್ತು. ಬಾಣಂತನಕ್ಕೆ ತಾಯಿ ಹೋಗದಿದ್ದರೆ ಹೇಗೆ? ಅತ್ತೆಯಾದರೋ ಶಿವಮೊಗ್ಗದಿಂದ ಬೆಂಗಳೂರಿಗೂ ಒಬ್ಬರೇ ಬಂದವರಲ್ಲ. ಮಾವನವರಿಗೆ ಎಪ್ಪತ್ತಾರು ವರ್ಷ. ಎಡಹೆಗಲ ಕೆಳಗೆ, ಚರ್ಮದ ಒಳಗೆ, ಮೂರು ವರ್ಷದ ಹಿಂದೆ ಕೂರಿಸಿದ ಒಂದು ಪೇಸ್‌ಮೇಕರು. ನಮ್ಮ ಕಡೆಯ ಜನ ಆ ಹೆಸರಿನ ಗೋಜಿಗೆ ಹೋಗದೆ 'ಎದೆಗೆ ಬ್ಯಾಟರಿ ಹಾಕಿಸಿದ್ದಾರೆ' ಎಂದುಬಿಡುತ್ತಾರೆ.

ಒಂದು ಸಂಜೆ ಮಾವನವರು ನನ್ನನ್ನು ಕೂರಿಸಿಕೊಂಡು ಕೇಳಿದರು: "ಅಲ್ಲೋ, ನೀನು ಎಂ.ಎ. ಓದಿದವನು. ಮೂವತ್ತೈದು ಸಾವಿರ ಅಡಿ ಮೇಲೆ, ಸಮುದ್ರದ ನಡುವೆ, ಈ ಡಬ್ಬಿ ನಿಂತುಹೋದರೆ ಯಾರನ್ನು ಕೂಗಲಿ, ಹೇಳು."

"ಮಾವ, ನಾನು ಓದಿದ್ದು ಪಂಪನನ್ನು, ವೈದ್ಯವನ್ನಲ್ಲ."

"ಪಂಪನನ್ನು ಓದಿದವನಿಗೆ ಇದನ್ನು ಓದೋಕೆ ಬರೋಲ್ಲವೇನೋ?"

ಹೃದ್ರೋಗದ ವೈದ್ಯರು ಹೋಗಬಹುದೆಂದು ಆಗಲೇ ಅಪ್ಪಣೆ ಕೊಟ್ಟಿದ್ದರು. ಆದರೆ ಅಪ್ಪಣೆ ಸಿಕ್ಕಿದ ಮಾತ್ರಕ್ಕೆ ಅಂಜಿಕೆ ಹೋಗುತ್ತದೆಯೆ? ನಾನು ಓದತೊಡಗಿದೆ. ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಮಾವನವರು ಭಯಪಡುತ್ತಿದ್ದ ಎರಡು ವಸ್ತುಗಳು, ಎದೆಯೊಳಗಿನ ಆ ಯಂತ್ರ ಮತ್ತು ಸಾಗರ ದಾಟುವ ಜೆಟ್ ವಿಮಾನ, ಬಹುಮಟ್ಟಿಗೆ ಒಂದೇ ವಾರದಲ್ಲಿ ಲೋಕಕ್ಕೆ ಬಂದಂಥವು. 1958ನೆಯ ಅಕ್ಟೋಬರ್ 4ರಂದು ಇಂಗ್ಲೆಂಡಿನ ಬಿ.ಓ.ಎ.ಸಿ. ಸಂಸ್ಥೆಯ ಕಾಮೆಟ್ ವಿಮಾನಗಳು ಲಂಡನ್-ನ್ಯೂಯಾರ್ಕುಗಳ ನಡುವೆ ಮೊತ್ತಮೊದಲ ಜೆಟ್ ಸಂಚಾರವನ್ನು ಆರಂಭಿಸಿದುವು. ಅದೇ ಅಕ್ಟೋಬರ್ 8ರ ಸಂಜೆ ಸ್ವೀಡನ್ನಿನ ಸ್ಟಾಕ್‌ಹೋಮಿನ ಕರೋಲಿನ್ಸ್ಕ ಆಸ್ಪತ್ರೆಯಲ್ಲಿ ಒಬ್ಬ ಮನುಷ್ಯನ ದೇಹದೊಳಗೆ ಮೊದಲ ಪೇಸ್‌ಮೇಕರನ್ನು ಹುದುಗಿಸಿದರು. ನಡುವೆ ನಾಲ್ಕೇ ದಿನ. ಆ ಹೊತ್ತಿಗೆ ಈ ಕಡೆಯವರಿಗೆ ಆ ಕಡೆಯವರ ಯೋಚನೆಯೇ ಇದ್ದಿರಲಾರದು.

ಆ ಮನುಷ್ಯನ ಹೆಸರು ಆರ್ನೆ ಲಾರ್ಸನ್. ಆಗ ವಯಸ್ಸು ನಲವತ್ತಮೂರು. ಹೃದಯದ ಮೇಲಿನ ಕೋಣೆಗಳಿಂದ ಹೊರಟ ಪ್ರೇರಣೆ ಕೆಳಗಿನ ಕೋಣೆಗಳಿಗೆ ಮುಟ್ಟದೆ, ಬಡಿತ ಇದ್ದಕ್ಕಿದ್ದಂತೆ ತಡೆದು, ರೋಗಿ ಎಚ್ಚರ ತಪ್ಪಿ ಬೀಳುವ ಕಾಯಿಲೆ ಅವನದು. ಇದನ್ನು 1827ರಲ್ಲಿ ರಾಬರ್ಟ್ ಆಡಮ್ಸನೂ 1846ರಲ್ಲಿ ವಿಲಿಯಂ ಸ್ಟೋಕ್ಸನೂ, ಇಬ್ಬರೂ ಡಬ್ಲಿನ್ನಿನ ವೈದ್ಯರು, ವರ್ಣಿಸಿದ್ದರು. ವರ್ಣಿಸಿದ್ದರೇ ಹೊರತು ಮದ್ದು ಕಂಡಿರಲಿಲ್ಲ. ಲಾರ್ಸನ್ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಹೀಗೆ ಬೀಳುತ್ತಿದ್ದ. ಅವನ ಹೆಂಡತಿ ಎಲ್ಸ್-ಮರಿಯೆ, ಹೃದಯದ ಬಡಿತವನ್ನು ವಿದ್ಯುತ್ತಿನಿಂದ ನಡೆಸುವ ಪ್ರಯೋಗ ನಡೆಯುತ್ತಿದೆಯೆಂದು ಕೇಳಿ, ಶಸ್ತ್ರವೈದ್ಯ ಓಕೆ ಸೆನ್ನಿಂಗನ ಬಳಿಗೂ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟನ ಬಳಿಗೂ ಓಡಾಡಿದಳು. ಮನುಷ್ಯನಿಗೆ ಇಡುವಂಥದು ಇನ್ನೂ ಸಿದ್ಧವಾಗಿಲ್ಲವೆಂದರೆ, ಹಾಗಾದರೆ ಮಾಡಿಕೊಡಿ ಎಂದು ಪಟ್ಟು ಹಿಡಿದಳು. ಸಾವಿತ್ರಿಯ ಕಥೆಯನ್ನು ಕೇಳಿ ಬೆಳೆದ ನಮಗೆ ಈ ಹೆಂಗಸು ಪರಕೀಯಳೆಂದು ತೋರುವುದಿಲ್ಲ.

ಎಲ್ಮ್‌ಕ್ವಿಸ್ಟ್ ಮಾಡಿಕೊಟ್ಟ ಯಂತ್ರ ಎಂಥದು ಬಲ್ಲಿರಾ? ಎರಡು ಟ್ರಾನ್ಸಿಸ್ಟರುಗಳು, ಹೊರಗಿನಿಂದಲೇ ಶಕ್ತಿ ತುಂಬಬಹುದಾದ ಬ್ಯಾಟರಿ. ಇವನ್ನೆಲ್ಲ ಬೂಟ್ ಪಾಲಿಶಿನ ಡಬ್ಬಿಯನ್ನೇ ಅಚ್ಚಾಗಿ ಮಾಡಿಕೊಂಡು ಅಂಟಿನಲ್ಲಿ ಎರಕ ಹೊಯ್ದದ್ದು. ಎದೆಯನ್ನು ತೆರೆದು ಅದನ್ನು ಕೂರಿಸಿದರು. ಕೆಲವೇ ಗಂಟೆಗಳಲ್ಲಿ ಅದು ನಿಂತುಹೋಯಿತು. ಕೈಯಲ್ಲಿದ್ದ ಇನ್ನೊಂದನ್ನು ಇಟ್ಟರು. ಅದೂ ಬಹುಕಾಲ ನಡೆಯಲಿಲ್ಲ. ನಡುವೆ ಯಂತ್ರದ ನೆರವಿಲ್ಲದೆಯೂ ಲಾರ್ಸನ್ ಹೇಗೋ ಕಾಲ ತಳ್ಳಿದ. ಅನಂತರ ಒಂದು ಕೆಟ್ಟರೆ ಮತ್ತೊಂದು, ಅದು ಕೆಟ್ಟರೆ ಇನ್ನೊಂದು, ಹೀಗೆ ಬಾಳಿನಲ್ಲಿ ಒಟ್ಟು ಇಪ್ಪತ್ತಾರು ಪೇಸ್‌ಮೇಕರುಗಳನ್ನು ಧರಿಸಿ, 2001ನೆಯ ಡಿಸೆಂಬರಿನಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ. ಅದೂ ಹೃದಯದ ಕಾಯಿಲೆಯಿಂದಲ್ಲ, ಕ್ಯಾನ್ಸರಿನಿಂದ. ಯಂತ್ರವನ್ನು ಮಾಡಿದ ಎಲ್ಮ್‌ಕ್ವಿಸ್ಟ್ 1996ರಲ್ಲಿ, ಅದನ್ನು ಇಟ್ಟ ಸೆನ್ನಿಂಗ್ 2000ದಲ್ಲಿ ಹೋಗಿದ್ದರು. ಬದುಕಲಾರನೆಂದುಕೊಂಡಿದ್ದ ರೋಗಿ ಅವರಿಬ್ಬರಿಗಿಂತ ಹೆಚ್ಚು ಕಾಲ ಉಳಿದ.

ಇದನ್ನು ಮಾವನವರಿಗೆ ಓದಿ ಹೇಳಿದಾಗ ಅವರು ಹಿಡಿದುಕೊಂಡದ್ದು ಬೇರೆ ಮಾತನ್ನು: "ಮೊದಲನೆಯದು ಕೆಲವೇ ಗಂಟೆಗೆ ನಿಂತಿತು ಎಂದೆಯಲ್ಲ?"

ಆದುದರಿಂದ ಬ್ಯಾಟರಿಯ ಚರಿತ್ರೆಯನ್ನು ಹೇಳಬೇಕಾಯಿತು. ಅದಕ್ಕೂ ಮೊದಲು, 1952ರಲ್ಲಿ, ಬೋಸ್ಟನ್ನಿನ ಪಾಲ್ ಜೋಲ್ ಎಂಬ ವೈದ್ಯ ಎದೆಯ ಹೊರಗಿನಿಂದಲೇ ವಿದ್ಯುತ್ ಕೊಟ್ಟು ಬಡಿತವನ್ನು ನಡೆಸಿ ತೋರಿಸಿದ್ದ. ರೋಗಿ ಬದುಕಿದ, ನಿಜ. ಆದರೆ ಪ್ರತಿಯೊಂದು ಬಡಿತಕ್ಕೂ ಎದೆಯ ಸ್ನಾಯುಗಳು ಕಿತ್ತುಬರುವಂತೆ ನೋವು. ಜತೆಗೆ ಯಂತ್ರದ ತಂತಿ ಗೋಡೆಯ ಪ್ಲಗ್ಗಿಗೆ ಕಟ್ಟಿಬಿದ್ದದ್ದು. ತಂತಿ ಎಷ್ಟು ಉದ್ದವೋ ಬಾಳು ಅಷ್ಟು ದೂರ. ಈ ಕಟ್ಟು ಹರಿದುದು ಒಂದು ಕತ್ತಲೆಯ ರಾತ್ರಿಯಿಂದ. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸಿನಲ್ಲಿ ವಿದ್ಯುತ್ ಹೋಯಿತು. ಹೃದಯದ ಶಸ್ತ್ರಕ್ರಿಯೆಯಾದ ಮಕ್ಕಳನ್ನು ಇಂಥ ಗೋಡೆಯ ಯಂತ್ರಗಳಿಂದಲೇ ನೋಡಿಕೊಳ್ಳುತ್ತಿದ್ದ ವೈದ್ಯ ವಾಲ್ಟನ್ ಲಿಲೆಹೈ, ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ಅರ್ಲ್ ಬ್ಯಾಕೆನ್ನನನ್ನು ಕರೆದು, ಬ್ಯಾಟರಿಯಿಂದ ನಡೆಯುವಂಥದೊಂದನ್ನು ಮಾಡಿಕೊಡೆಂದ. ಬ್ಯಾಕೆನ್ನನಿಗೆ ಒಂದು ಜನಪ್ರಿಯ ಇಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಕಂಡಿದ್ದ ನಕ್ಷೆ ನೆನಪಾಯಿತು. ಅದು ಯಾವುದರ ನಕ್ಷೆ? ಸಂಗೀತ ಕಲಿಯುವವರಿಗೆ ತಾಳ ತಪ್ಪದಂತೆ ಟಕ್ ಟಕ್ ಎಂದು ಲಯ ತೋರಿಸುವ ಮೆಟ್ರೊನೋಮ್ ಎಂಬ ಸಾಧನದ್ದು! ಅದನ್ನೇ ಮಾರ್ಪಡಿಸಿ, ಕೊರಳಿಗೆ ನೇತುಹಾಕಿಕೊಳ್ಳಬಹುದಾದ ಪೆಟ್ಟಿಗೆಯೊಂದನ್ನು ಕೆಲವೇ ವಾರಗಳಲ್ಲಿ ಸಿದ್ಧಮಾಡಿದ. ಹೃದಯಕ್ಕೂ ತಾಳಕ್ಕೂ ಇರುವ ನಂಟನ್ನು ಕವಿಗಳು ಎಷ್ಟೋ ಹಾಡಿದ್ದಾರೆ. ಈ ರಿಪೇರಿಯವನು ಅದನ್ನು ತಂತಿಯಲ್ಲಿ ಬೆಸೆದುಬಿಟ್ಟ.

ಒಳಗಿಟ್ಟ ಯಂತ್ರಗಳ ಪಾದರಸದ ಬ್ಯಾಟರಿಗಳು ಮೊದಮೊದಲು ಎರಡು ವರ್ಷದ ಸುಮಾರಿಗೆ ಸೋತುಹೋಗುತ್ತಿದ್ದುವು. ಲಾರ್ಸನ್ನನಿಗೆ ಇಪ್ಪತ್ತಾರು ಬೇಕಾದುದಕ್ಕೆ ಇದೂ ಒಂದು ಕಾರಣ. 1970ರಲ್ಲಿ ಪ್ಯಾರಿಸಿನಲ್ಲಿ ಪ್ಲುಟೋನಿಯಂ ತುಂಬಿದ ಪೇಸ್‌ಮೇಕರನ್ನೂ ಇಟ್ಟು ನೋಡಿದರು. ಎದೆಯಲ್ಲಿ ಪರಮಾಣು! ಆದರೆ ಗೆದ್ದುದು ಅದಲ್ಲ. ವಿಲ್ಸನ್ ಗ್ರೇಟ್‌ಬ್ಯಾಚ್ ಎಂಬ ಅಮೆರಿಕದ ಎಂಜಿನಿಯರ್, ಹೃದಯದ ಬಡಿತವನ್ನು ದಾಖಲಿಸುವ ಸಾಧನವೊಂದಕ್ಕೆ ತಪ್ಪು ಬಿಡಿಭಾಗ ಜೋಡಿಸಿ, ಅದು ಬಡಿತದಂತೆಯೇ ಮಿಡಿಯುವುದನ್ನು ಕಂಡು ಬೆರಗಾಗಿದ್ದವನು, ಮುಂದೆ ಬ್ಯಾಟರಿಯ ಬೆನ್ನುಹತ್ತಿ ಲಿಥಿಯಂ-ಅಯೊಡಿನ್ ಬ್ಯಾಟರಿಯನ್ನು ಬಳಕೆಗೆ ತಂದ. 1972ರಿಂದ ಅದು ಮನುಷ್ಯರ ಎದೆಗೇರಿತು. ಇದರ ಗುಣವೇನೆಂದರೆ ಹೇಳದೆ ಕೇಳದೆ ಕೈಕೊಡುವುದಿಲ್ಲ. ನಿಧಾನವಾಗಿ ಇಳಿಯುತ್ತದೆ, ಇಳಿಯುತ್ತಿರುವುದು ತಪಾಸಣೆಯಲ್ಲಿ ತಿಂಗಳುಗಳ ಮೊದಲೇ ಗೊತ್ತಾಗುತ್ತದೆ. ಮಾವನವರ ಯಂತ್ರಕ್ಕೆ ಇನ್ನೂ ಏಳು ವರ್ಷ ಆಯುಸ್ಸಿದೆಯೆಂದು ಹಿಂದಿನ ತಿಂಗಳೇ ಬರೆದುಕೊಟ್ಟಿದ್ದರು. ಅದನ್ನು ಅವರ ಮುಂದೆ ಹಿಡಿದೆ. "ನನ್ನದು ಎಷ್ಟಿದೆಯೆಂದು ಅದರಲ್ಲಿ ಬರೆದಿಲ್ಲವೋ?" ಎಂದು ನಕ್ಕರು. ನಕ್ಕದ್ದು ಶುಭಲಕ್ಷಣವೆಂದುಕೊಂಡೆ.

ಇನ್ನು ಆಕಾಶದ ಮಾತು. ಎತ್ತರಕ್ಕೆ ಏರಿದಂತೆಲ್ಲ ಗಾಳಿ ತೆಳುವಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಅದು ಮನುಷ್ಯನನ್ನು ಏನು ಮಾಡುತ್ತದೆಂಬುದನ್ನು ಲೋಕಕ್ಕೆ ಮನಗಾಣಿಸಿದುದು 1875ನೆಯ ಏಪ್ರಿಲ್ 15ರ ಒಂದು ದುರಂತ. ಫ್ರಾನ್ಸಿನಲ್ಲಿ ಟಿಸ್ಸಾಂಡಿಯೆ, ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಎಂಬ ಮೂವರು 'ಜೆನಿತ್' ಎಂಬ ಬಲೂನಿನಲ್ಲಿ ಎಂಟು ಸಾವಿರ ಮೀಟರಿಗೂ ಮೇಲೇರಿದರು. ಆಮ್ಲಜನಕದ ಚೀಲಗಳು ಜತೆಯಲ್ಲೇ ಇದ್ದುವು. ಬೇಕಾದಾಗ ಬಾಯಿಗಿಟ್ಟುಕೊಂಡರಾಯಿತೆಂದು ಅವರೆಣಿಕೆ. ಬೇಕಾದ ಹೊತ್ತಿಗೆ ಕೈ ಏಳಲಿಲ್ಲ. ನೋವಿಲ್ಲ, ಉಸಿರು ಕಟ್ಟುವ ಸಂಕಟವಿಲ್ಲ, ಒಂದು ಬಗೆಯ ಹಿತವಾದ ಮಂಪರು, ಅಷ್ಟೆ. ಬಲೂನು ಇಳಿದಾಗ ಬದುಕಿದ್ದವನು ಟಿಸ್ಸಾಂಡಿಯೆ ಒಬ್ಬನೇ. ಎತ್ತರದ ಗಾಳಿಯನ್ನು ಕುರಿತು ಪ್ರಯೋಗ ನಡೆಸುತ್ತಿದ್ದ ಪಾಲ್ ಬೆರ್ ಎಂಬ ವಿಜ್ಞಾನಿ 1878ರಲ್ಲಿ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಕೊಲ್ಲುವುದು ಎತ್ತರವಲ್ಲ, ಆಮ್ಲಜನಕದ ಒತ್ತಡದ ಕೊರತೆ ಎಂಬುದು ಆಗ ಸ್ಪಷ್ಟವಾಯಿತು.

ಹಾಗೆಂದಮೇಲೆ ಉಪಾಯವೂ ಸ್ಪಷ್ಟವಾಯಿತು: ಪ್ರಯಾಣಿಕರನ್ನು ಗಾಳಿ ತುಂಬಿದ ಬಿಗಿಯಾದ ಕೊಳವೆಯೊಳಗೆ ಕೂರಿಸಬೇಕು. 1940ರಲ್ಲಿ ಅಮೆರಿಕದ ಬೋಯಿಂಗ್ ಸ್ಟ್ರಾಟೊಲೈನರ್ ಹೀಗೆ ಜನರನ್ನು ಹೊತ್ತ ಮೊದಲ ವಿಮಾನವಾಯಿತು. ಆದರೆ ಕೊಳವೆಯನ್ನು ಬಾರಿ ಬಾರಿಗೂ ಉಬ್ಬಿಸಿ ಇಳಿಸಿದರೆ ಲೋಹ ದಣಿಯುತ್ತದೆಂಬ ಪಾಠಕ್ಕೆ ತೆತ್ತ ಬೆಲೆ ದೊಡ್ಡದು. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಇಟಲಿಯ ಬಳಿ ಆಕಾಶದಲ್ಲೇ ಸೀಳಿ ಸಮುದ್ರಕ್ಕೆ ಬಿದ್ದುವು. ತಿದ್ದಿ ಕಟ್ಟಿದ ಕಾಮೆಟ್ಟೇ 1958ರ ಆ ಅಕ್ಟೋಬರಿನಲ್ಲಿ ಹಾರಿದುದು. ನಮ್ಮ ಏರ್ ಇಂಡಿಯ, 1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ವಿಮಾನವನ್ನು ಮುಂಬಯಿಯಿಂದ ಕೈರೊ, ಜಿನೀವಗಳ ಮೂಲಕ ಲಂಡನ್ನಿಗೆ ಕಳುಹಿಸಿದ್ದು, 1960ರಲ್ಲಿ ಬೋಯಿಂಗ್ ಜೆಟ್ಟಿನಲ್ಲಿ ನ್ಯೂಯಾರ್ಕನ್ನು ಮುಟ್ಟಿತು. 2021ರ ಜನವರಿಯಲ್ಲಿ ಮಹಿಳೆಯರೇ ನಡೆಸಿದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಧ್ರುವದ ಮೇಲೆ ಹಾದು, ಎಲ್ಲಿಯೂ ಇಳಿಯದೆ, ಬೆಂಗಳೂರನ್ನು ಸೇರಿತು.

ವಿಮಾನದೊಳಗಿನ ಗಾಳಿ ನೆಲದ ಮೇಲಿನ ಗಾಳಿಯಂತೆಯೇ ಇರುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲ. ಒಳಗಿನ ಒತ್ತಡವು ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇರುವುದಕ್ಕಿಂತ ಕಡಮೆಯಾಗಬಾರದೆಂಬುದು ನಿಯಮ. ಎಂದರೆ ಸಮುದ್ರಮಟ್ಟದ ಒತ್ತಡದಲ್ಲಿ ಸುಮಾರು ಮುಕ್ಕಾಲು ಪಾಲು. ನಮ್ಮವರಿಗೆ ತಿಳಿಯುವಂತೆ ಹೇಳುವುದಾದರೆ ಉದಕಮಂಡಲಕ್ಕಿಂತ ಮೇಲೆ, ದೊಡ್ಡಬೆಟ್ಟದ ನೆತ್ತಿಗಿಂತ ಕೆಳಗೆ. 2011ರಿಂದ ಸಂಚಾರಕ್ಕೆ ಬಂದ ಕೆಲವು ಹೊಸ ವಿಮಾನಗಳು ಇದನ್ನು ಆರು ಸಾವಿರ ಅಡಿಗೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ತುಸು ಕೆಳಕ್ಕೆ, ಇಳಿಸಿವೆ. "ಊಟಿಗೆ ನಾವು ಎರಡು ವರ್ಷದ ಕೆಳಗೆ ಹೋಗಿ ಎರಡು ರಾತ್ರಿ ಇದ್ದು ಬಂದೆವಲ್ಲ ಮಾವ, ಏನಾಯಿತು?" ಎಂದು ಕೇಳಿದೆ. "ಚಳಿಯಾಯಿತು" ಎಂದರು. ಅತ್ತೆ ಒಳಗಿನಿಂದ, "ಮೂರು ಸ್ವೆಟರು ಹಾಕಿಕೊಳ್ಳಿ" ಎಂದು ಕೂಗಿದರು. ನಿಜವಾಗಿ ತೀರ್ಮಾನವಾದದ್ದು ಆ ಕ್ಷಣದಲ್ಲೇ ಎಂದು ನನ್ನ ಊಹೆ.

ಎರಡು ವಿಷಯದಲ್ಲಿ ಎಚ್ಚರ ಹೇಳಬೇಕು. ಗಾಳಿ ತೆಳುವಾದಾಗ ಆರೋಗ್ಯವಂತನ ಹೃದಯ ಕೊಂಚ ವೇಗವಾಗಿ ಬಡಿದು ಕೊರತೆಯನ್ನು ತುಂಬುತ್ತದೆ. ಮೊದಲ ಕಾಲದ ಪೇಸ್‌ಮೇಕರಿಗೆ ಗೊತ್ತಿದ್ದುದು ಒಂದೇ ತಾಳ. ಮಲಗಿದ್ದರೂ ಮೆಟ್ಟಿಲೇರಿದರೂ ಅಷ್ಟೇ. 1980ರ ದಶಕದಿಂದ ಬಂದವು ದೇಹದ ಅಲುಗಾಟವನ್ನು ಗ್ರಹಿಸಿ ಬಡಿತ ಏರಿಸುತ್ತವೆ. ಆದರೆ ಇವಕ್ಕೆ ತಿಳಿಯುವುದು ಅಲುಗಾಟವೇ ಹೊರತು ಆಮ್ಲಜನಕದ ಕೊರತೆಯಲ್ಲ. ವಿಮಾನ ಕುಲುಕಾಡಿದರೆ ಯಜಮಾನ ನಡೆಯುತ್ತಿದ್ದಾನೆಂದು ಭ್ರಮಿಸಿ ಒಂದೆರಡು ಬಡಿತ ಹೆಚ್ಚು ಕೊಟ್ಟಾವು. ಅದರಿಂದ ಕೆಡುಕಿಲ್ಲ. ಆದುದರಿಂದ ಯಂತ್ರವಿದೆಯೆ ಎಂಬುದಕ್ಕಿಂತ ಯಂತ್ರದ ಹಿಂದಿರುವ ಹೃದಯ ಹೇಗಿದೆ ಎಂಬುದೇ ಮುಖ್ಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದವರು ವೈದ್ಯರು, ನನ್ನಂಥ ಕನ್ನಡದ ಮೇಷ್ಟರಲ್ಲ.

ಇನ್ನೊಂದು, ಕಾಲುಗಳ ಮಾತು. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ಆಶ್ರಯತಾಣಗಳಲ್ಲಿ ರಾತ್ರಿಯೆಲ್ಲ ಮಡಿಸುವ ಕುರ್ಚಿಗಳಲ್ಲಿ ಕುಳಿತೇ ಕಳೆಯುತ್ತಿದ್ದರು. ಅವರಲ್ಲಿ ಕೆಲವರು, ಬಾಂಬು ತಗಲದೆಯೇ, ಬೆಳಗ್ಗೆ ಎದ್ದು ನಿಂತವರು ಕುಸಿದು ಸತ್ತರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ತಡೆದದ್ದು ಕಾರಣವೆಂದು ಕೀತ್ ಸಿಂಪ್ಸನ್ ಎಂಬ ವೈದ್ಯ ಆಗಲೇ ಬರೆದ. ದೂರದ ವಿಮಾನದಲ್ಲಿ ಮುದುಡಿ ಕೂರುವ ಮುದುಕರಿಗೆ, ನನ್ನ ಅಭಿಪ್ರಾಯದಲ್ಲಿ, ಎದೆಯ ಯಂತ್ರಕ್ಕಿಂತ ಈ ಕುರ್ಚಿಯ ಭಯವೇ ಹೆಚ್ಚಾಗಿರಬೇಕು. ಆಗಾಗ ಎದ್ದು ಓಡಾಡಿ, ನೀರು ಕುಡಿಯುತ್ತಿರಿ ಎಂದು ಹೇಳಿ ಕಳುಹಿಸಿದೆವು. ನೀರು ಕುಡಿದರೆ ತಾನಾಗಿಯೇ ಎದ್ದು ಓಡಾಡಬೇಕಾಗುತ್ತದೆಂದು ಮಾವನವರೇ ಕಂಡುಹಿಡಿದರು.

ಉಳಿದದ್ದು ನಿಲ್ದಾಣದ ತಪಾಸಣೆ. ಅಪಹರಣಗಳ ಹಾವಳಿಯಿಂದ ಅಮೆರಿಕದಲ್ಲಿ 1973ನೆಯ ಜನವರಿ 5ರಿಂದ ಪ್ರತಿಯೊಬ್ಬ ಪ್ರಯಾಣಿಕನನ್ನೂ ಶೋಧಿಸಬೇಕೆಂದಾಯಿತು. ಲೋಹಶೋಧಕದ ಬಾಗಿಲುಗಳು ಲೋಕವೆಲ್ಲ ಹಬ್ಬಿದುವು. ಆ ಬಾಗಿಲನ್ನು ನಿಲ್ಲದೆ ದಾಟಿಹೋದರೆ ಪೇಸ್‌ಮೇಕರಿಗೆ ತೊಂದರೆಯಿಲ್ಲ. ಕೈಯಲ್ಲಿ ಹಿಡಿದು ಸವರುವ ಕೋಲನ್ನು ಮಾತ್ರ ಎದೆಯ ಮೇಲೆ ಹಿಡಿದು ನಿಲ್ಲಿಸಬಾರದು. ಯಂತ್ರವಿದೆಯೆಂಬ ಗುರುತಿನ ಕಾರ್ಡನ್ನು ತೋರಿಸಿ ಕೈಯಿಂದಲೇ ತಡವಿ ನೋಡಿರೆಂದು ಕೇಳಿಕೊಳ್ಳಬಹುದು. ಇದನ್ನೆಲ್ಲ ನಾನು ಮೂರು ಸಲ ಹೇಳಿದ್ದೆ. ಕಾರ್ಡು ಭದ್ರವಾಗಿರಲೆಂದು ಅತ್ತೆ ಅದನ್ನು ಬಾಣಂತಿಯ ಲೇಹ್ಯದ ಡಬ್ಬಿಗಳ ಜತೆ ದೊಡ್ಡ ಪೆಟ್ಟಿಗೆಯಲ್ಲಿಟ್ಟಿದ್ದರು. ಪೆಟ್ಟಿಗೆ ಆಗಲೇ ವಿಮಾನದ ಹೊಟ್ಟೆಗೆ ಹೋಗಿತ್ತು. ಹೊರಗೆ ನಿಂತಿದ್ದ ನನಗೆ ಫೋನು ಬಂತು. ನಾನು ಏನು ಹೇಳುವುದಕ್ಕೂ ಮೊದಲೇ ಮಾವನವರು ಅಂಗಿಯ ಗುಂಡಿ ಬಿಚ್ಚಿ, ಎಡಹೆಗಲ ಕೆಳಗಿನ ಉಬ್ಬನ್ನೂ ಗಾಯದ ಗೆರೆಯನ್ನೂ ಆ ಕಾವಲು ಹುಡುಗನಿಗೆ ತೋರಿಸಿಬಿಟ್ಟಿದ್ದರು. ಆತ ಕೋಲನ್ನು ಬದಿಗಿಟ್ಟು, ಕೈಯಿಂದ ತಡವಿ ನೋಡಿ, ಹೋಗಿ ಎಂದನಂತೆ.

ನಡುವೆ ಒಂದು ಕಡೆ ಇಳಿದು ಹತ್ತಿ, ಒಂದು ದಿನದ ಮೇಲೆ ಅವರು ಮಗಳ ಮನೆ ಸೇರಿದರು. ಹನ್ನೊಂದನೆಯ ದಿನ ಗಂಡುಮಗುವಾಯಿತು. ಕೂಸಿನ ಎದೆಗೆ ಕಿವಿಯಿಟ್ಟು ಎಣಿಸಿದೆ, ನಿಮಿಷಕ್ಕೆ ನೂರನಲವತ್ತು ಬಂತು, ನನ್ನದು ಅರವತ್ತಕ್ಕೆ ಕಟ್ಟಿದ್ದಾರೆ, ಎಂದು ಮಾವನವರು ಫೋನಿನಲ್ಲಿ ಹೇಳಿದರು. ಮುಂದಿನ ತಿಂಗಳು ಹಿಂದಿರುಗುತ್ತಾರೆ. ಕಾರ್ಡು ಈ ಸಲ ಅಂಗಿಯ ಜೇಬಿನಲ್ಲಿರಲಿ ಎಂದು ಅತ್ತೆಗೆ ಹೇಳಿದ್ದೇನೆ.