ಸ್ಥಳ, ಪ್ರದೇಶ ಮತ್ತು ನಕಾಶೆ: ಅರ್ಜಿದಾರರಿಗೆ ಮೂಲ ಪರಿಚಯ (ಕರ್ಜಗಿ, ಹಾವೇರಿ, ಬ್ಯಾಡಗಿ ಹಾಗೂ ರಾಣೇಬೆನ್ನೂರು ಭಾಗ)

ಪೀಠಿಕೆ

ಭೂಮಿಯ ಮೇಲೆ ಮನುಷ್ಯನು ಎಲ್ಲಿ ನೆಲೆಸಿದ್ದಾನೆ, ಆ ನೆಲೆಯನ್ನು ಹೇಗೆ ವಿಂಗಡಿಸಿ ಬಳಸುತ್ತಿದ್ದಾನೆ ಎಂಬುದನ್ನು ತಿಳಿಸುವ ಶಾಸ್ತ್ರವೇ ಮಾನವ ಭೂಗೋಳ. ಸ್ಥಳ, ಪ್ರದೇಶ ಮತ್ತು ನಕಾಶೆ ಎಂಬ ಮೂರು ಪರಿಕಲ್ಪನೆಗಳು ಇದರ ಆಧಾರವಾಗಿವೆ. ಪಹಣಿ (ಉತಾರ), ಹದ್ದುಬಸ್ತು, ಪೋಡಿ, ಬೆಳೆ ವಿಮೆ ಮುಂತಾದ ಸೇವೆಗಳ ಅರ್ಜಿಗಳೆಲ್ಲವೂ ಈ ಮೂರನ್ನೇ ಅವಲಂಬಿಸಿರುತ್ತವೆ. ಗ್ರಾಮದ ಹೆಸರು ಅಥವಾ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದಲ್ಲಿ ಅರ್ಜಿಯು ಬೇರೊಬ್ಬರ ಜಮೀನಿಗೆ ಸಂಬಂಧಿಸಿದ್ದಾಗುತ್ತದೆ. ಆದ್ದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ಸ್ಥಳ

ಸ್ಥಳವನ್ನು ಎರಡು ವಿಧದಲ್ಲಿ ಗುರುತಿಸಲಾಗುತ್ತದೆ.

ಅ) ನಿರಪೇಕ್ಷ ಸ್ಥಾನ: ಅಕ್ಷಾಂಶ ಮತ್ತು ರೇಖಾಂಶಗಳ ಮೂಲಕ ಹೇಳುವ ಸ್ಥಾನವಿದು. ಹಾವೇರಿ ನಗರವು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 75.4 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಅಕ್ಷಾಂಶದ ಒಂದು ಡಿಗ್ರಿಯು ನೆಲದ ಮೇಲೆ ಸುಮಾರು 111 ಕಿಲೋಮೀಟರಿಗೆ ಸಮವಾಗಿರುವುದರಿಂದ, ದಶಾಂಶದ ನಂತರ ಒಂದೇ ಅಂಕಿ ಬರೆದಲ್ಲಿ ಸುಮಾರು 11 ಕಿಲೋಮೀಟರಿನ ಅಂತರ ಅನಿಶ್ಚಿತವಾಗಿ ಉಳಿಯುತ್ತದೆ. ಮೂರು ಅಂಕಿಗಳಿಗೆ ಇದು ಸುಮಾರು 111 ಮೀಟರ್, ಐದು ಅಂಕಿಗಳಿಗೆ ಸುಮಾರು ಒಂದು ಮೀಟರ್ ಆಗುತ್ತದೆ. ಮನೆ ಅಥವಾ ಹೊಲದ ಸ್ಥಾನವನ್ನು ಮೊಬೈಲ್ ದೂರವಾಣಿಯಿಂದ ದಾಖಲಿಸುವಾಗ ಅಂಕಿಗಳನ್ನು ಮೊಟಕುಗೊಳಿಸಬಾರದು ಎಂಬುದಕ್ಕೆ ಇದೇ ಕಾರಣ.

ಆ) ಸಾಪೇಕ್ಷ ಸ್ಥಾನ: ಇತರ ಸ್ಥಳಗಳಿಗೆ ಹೋಲಿಸಿ ಹೇಳುವ ಸ್ಥಾನವಿದು. ವರದಾ ನದಿಗೆ ಸಮೀಪದ ಕರ್ಜಗಿಯು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಹಾವೇರಿಗಿಂತ ಮೊದಲು ಬರುತ್ತದೆ. ಅನಂತರ ಬ್ಯಾಡಗಿ, ರಾಣೇಬೆನ್ನೂರು ಬರುತ್ತವೆ. ಹಾವೇರಿ ಮತ್ತು ರಾಣೇಬೆನ್ನೂರು ನಗರಗಳು ರಾಷ್ಟ್ರೀಯ ಹೆದ್ದಾರಿ 48ರ (ಹಿಂದಿನ ಸಂಖ್ಯೆ 4) ಮೇಲೂ ಇವೆ. ಬ್ಯಾಡಗಿ ಪಟ್ಟಣಕ್ಕೆ ಮಾತ್ರ ಹೆದ್ದಾರಿಯಲ್ಲಿರುವ ಮೋಟೆಬೆನ್ನೂರಿನಿಂದ ಒಳಗೆ ಹೋಗಬೇಕಾಗುತ್ತದೆ.

ಖರೀದಿ ಪತ್ರಗಳಲ್ಲಿ ಕಾಣುವ ಚಕ್ಕುಬಂದಿಯು ಸಾಪೇಕ್ಷ ಸ್ಥಾನಕ್ಕೆ ಉತ್ತಮ ಉದಾಹರಣೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂದು ಅದರಲ್ಲಿ ಬರೆದಿರುತ್ತದೆ. ನೆರೆಯ ಹೊಲ ಮಾರಾಟವಾದಾಗ ಅಥವಾ ಹಳ್ಳ ತನ್ನ ದಾರಿ ಬದಲಿಸಿದಾಗ ಹಳೆಯ ಚಕ್ಕುಬಂದಿಯು ಈಗಿನ ಸ್ಥಿತಿಗೆ ಹೊಂದುವುದಿಲ್ಲ. ಆದ್ದರಿಂದ ಚಕ್ಕುಬಂದಿಯ ಜೊತೆಗೆ ಸರ್ವೆ ನಂಬರು ಮತ್ತು ಹಿಸ್ಸಾ ನಂಬರನ್ನು ನಮೂದಿಸುವುದು ಅವಶ್ಯ.

2. ಪ್ರದೇಶ

ಒಂದೇ ಲಕ್ಷಣ ಅಥವಾ ಒಂದೇ ಉದ್ದೇಶದಿಂದ ಒಟ್ಟುಗೂಡಿದ ಭೂಭಾಗವನ್ನು ಪ್ರದೇಶ ಎನ್ನಲಾಗುತ್ತದೆ.

ಅ) ವಿಧಿಬದ್ಧ ಪ್ರದೇಶ: ಸರ್ಕಾರವು ಗಡಿ ಗುರುತಿಸಿ ಘೋಷಿಸಿದ ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆಗಳು. ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು.

ಆ) ಕಾರ್ಯಾತ್ಮಕ ಪ್ರದೇಶ: ಒಂದು ಕೇಂದ್ರದೊಡನೆ ವ್ಯವಹಾರದಿಂದ ಬೆಸೆದುಕೊಂಡ ಭಾಗ. ಬ್ಯಾಡಗಿಯ ಒಣಮೆಣಸಿನಕಾಯಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು ಹಾಗೂ ನೆರೆಯ ಆಂಧ್ರಪ್ರದೇಶದಿಂದಲೂ ಮಾಲು ಬರುತ್ತದೆ. ಮಾರುಕಟ್ಟೆಯ ಪ್ರದೇಶವು ತಾಲ್ಲೂಕಿನ ಗಡಿಯನ್ನು ಮೀರಿದೆ ಎಂಬುದನ್ನು ಇದು ತೋರಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ.

ಇ) ರೂಢಿಯ ಪ್ರದೇಶ: ಬೆಳವಲ, ಅರೆಮಲೆನಾಡು ಮುಂತಾದ ಹೆಸರುಗಳು ಜನಬಳಕೆಯಲ್ಲಿವೆ. ಇವುಗಳಿಗೆ ಗಡಿಗಲ್ಲುಗಳಿಲ್ಲವಾದ್ದರಿಂದ ಅರ್ಜಿಯಲ್ಲಿ ಇವನ್ನು ವಿಳಾಸವಾಗಿ ಬಳಸಲಾಗದು.

ಒಂದೇ ಊರು ಉದ್ದೇಶಕ್ಕೆ ತಕ್ಕಂತೆ ಬೇರೆ ಬೇರೆ ಪ್ರದೇಶಗಳಿಗೆ ಸೇರಬಹುದು. ಉದಾಹರಣೆಗೆ, ಶಿಗ್ಗಾಂವಿ ತಾಲ್ಲೂಕು ಹಾವೇರಿ ಜಿಲ್ಲೆಯಲ್ಲಿದ್ದರೂ ಶಿಗ್ಗಾಂವಿ ವಿಧಾನಸಭಾ ಕ್ಷೇತ್ರವು ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಅದೇ ರೀತಿ ಒಂದು ಗ್ರಾಮ ಪಂಚಾಯಿತಿಯಲ್ಲಿ ಹಲವು ಕಂದಾಯ ಗ್ರಾಮಗಳಿರಬಹುದು. ಪಹಣಿಗೆ ಬೇಕಾಗುವುದು ಕಂದಾಯ ಗ್ರಾಮದ ಹೆಸರೇ ಹೊರತು ಪಂಚಾಯಿತಿಯ ಹೆಸರಲ್ಲ.

ಬೆಳೆ ವಿಮೆಯಲ್ಲಿ ಪ್ರದೇಶದ ಮಹತ್ವವು ನೇರವಾಗಿ ಕಾಣುತ್ತದೆ. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನು, ಇತರ ಬೆಳೆಗಳಿಗೆ ಹೋಬಳಿಯನ್ನು ವಿಮಾ ಘಟಕವಾಗಿ ಅಧಿಸೂಚಿಸಲಾಗುತ್ತದೆ. ಇಳುವರಿ ಆಧಾರಿತ ಪರಿಹಾರವನ್ನು ಇಡೀ ಘಟಕದ ಸರಾಸರಿ ಇಳುವರಿಯ ಮೇಲೆ ಲೆಕ್ಕ ಹಾಕಲಾಗುತ್ತದೆ. ಒಬ್ಬ ರೈತರ ಹೊಲದಲ್ಲಿ ಬೆಳೆ ಪೂರ್ಣ ಹಾಳಾಗಿದ್ದರೂ ಘಟಕದ ಸರಾಸರಿಯು ನಿಗದಿತ ಮಟ್ಟಕ್ಕಿಂತ ಕೆಳಗಿಳಿಯದಿದ್ದಲ್ಲಿ ಆ ಪರಿಹಾರ ದೊರೆಯುವುದಿಲ್ಲ. ಆಲಿಕಲ್ಲು ಮಳೆ, ಹೊಲ ಮುಳುಗಡೆಯಂತಹ ಸ್ಥಳೀಯ ಹಾನಿಗೆ ಪ್ರತ್ಯೇಕವಾಗಿ ನಿಗದಿತ ಅವಧಿಯೊಳಗೆ ಮಾಹಿತಿ ನೀಡಬೇಕು. ಅಂತಹ ಸಂದರ್ಭದಲ್ಲಿ ಗ್ರಾಮ ಮತ್ತು ಸರ್ವೆ ನಂಬರು ಸರಿಯಾಗಿರುವುದು ನದಿ ದಡದ ರೈತರಿಗೆ ಅತ್ಯಂತ ಮುಖ್ಯ.

3. ಹಳೆಯ ದಾಖಲೆಗಳಲ್ಲಿ ಕರ್ಜಗಿ

ಮುಂಬಯಿ ಪ್ರಾಂತದ ಆಡಳಿತದಲ್ಲಿ ಧಾರವಾಡ ಜಿಲ್ಲೆಗೆ ಸೇರಿದ ಕರ್ಜಗಿ ಎಂಬ ತಾಲ್ಲೂಕಿತ್ತು. ಹಾವೇರಿ ಪಟ್ಟಣವು ಅದರೊಳಗೆ ಸೇರಿತ್ತು. ಈಗ ಕರ್ಜಗಿಯು ಹಾವೇರಿ ತಾಲ್ಲೂಕಿಗೆ ಸೇರಿದ ಗ್ರಾಮ. ಈ ಭಾಗವು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಹಿರಿಯರ ಕಾಗದಪತ್ರಗಳಲ್ಲಿ ‘ಕರ್ಜಗಿ ತಾಲ್ಲೂಕು, ಧಾರವಾಡ ಜಿಲ್ಲೆ’ ಎಂದಿದ್ದಲ್ಲಿ ಆ ಜಮೀನು ಕರ್ಜಗಿ ಗ್ರಾಮದಲ್ಲಿಯೇ ಇದೆ ಎಂದು ಭಾವಿಸಬಾರದು. ಮೊದಲು ಗ್ರಾಮದ ಹೆಸರನ್ನು ನೋಡಿ, ಆ ಗ್ರಾಮವು ಈಗ ಯಾವ ತಾಲ್ಲೂಕಿನಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ತಾಲ್ಲೂಕಿನ ಹೆಸರು ಬದಲಾದ ಮಾತ್ರಕ್ಕೆ ಹಳೆಯ ದಾಖಲೆಯಲ್ಲಿನ ಹಕ್ಕು ಇಲ್ಲವಾಗುವುದಿಲ್ಲ.

4. ನಕಾಶೆ

ನೆಲದ ಮೇಲಿನ ಸಂಗತಿಗಳನ್ನು ನಿರ್ದಿಷ್ಟ ಪ್ರಮಾಣದಲ್ಲಿ ಕಿರಿದುಗೊಳಿಸಿ ತೋರಿಸುವುದೇ ನಕಾಶೆ. 1767ರಲ್ಲಿ ಸ್ಥಾಪನೆಯಾದ ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕಾಶೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಇದರಲ್ಲಿ ನದಿ, ರಸ್ತೆ, ಊರುಗಳು ಕಾಣುತ್ತವೆ. ಖಾಸಗಿ ಹೊಲಗಳ ಗಡಿ ಕಾಣುವುದಿಲ್ಲ.

ಗ್ರಾಮ ನಕಾಶೆಯಲ್ಲಿ ಸರ್ವೆ ನಂಬರುಗಳು, ಹಳ್ಳ, ಕೆರೆ, ದಾರಿ ಮತ್ತು ಗಡಿಗಳು ಇರುತ್ತವೆ. ಗ್ರಾಮ ನಕಾಶೆಯ ಪ್ರಮಾಣವು 1:7,920 ಇದ್ದಲ್ಲಿ ಒಂದು ಅಂಗುಲಕ್ಕೆ 660 ಅಡಿಯಾಗುತ್ತದೆ. ಆಗ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ ಸುಮಾರು 13 ಅಡಿಯನ್ನು ಆವರಿಸುತ್ತದೆ. ಆದ್ದರಿಂದ ಬದುವಿನ ವಿವಾದವನ್ನು ಗ್ರಾಮ ನಕಾಶೆಯ ಮೇಲೆ ಅಳತೆ ಪಟ್ಟಿ ಇಟ್ಟು ಬಗೆಹರಿಸಲು ಸಾಧ್ಯವಿಲ್ಲ. ಅದಕ್ಕೆ ಅಳತೆಗಳನ್ನು ಬರೆದಿರುವ ಟಿಪ್ಪಣಿಯ ಆಧಾರದ ಮೇಲೆ ಭೂಮಾಪಕರಿಂದ ಹದ್ದುಬಸ್ತು ಮಾಡಿಸಿಕೊಳ್ಳಬೇಕು.

ವಿಸ್ತೀರ್ಣದ ಲೆಕ್ಕ ಈ ರೀತಿ ಇದೆ: 33 ಅಡಿ ಉದ್ದ, 33 ಅಡಿ ಅಗಲದ ಜಾಗವು ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರ ಅಡಿ. ಒಂದು ಗುಂಟೆಗೆ 16 ಆಣೆ.

5. ಅರ್ಜಿ ಸಲ್ಲಿಸುವ ಮುನ್ನ ಗಮನಿಸತಕ್ಕ ಅಂಶಗಳು

1) ಗ್ರಾಮ, ಹೋಬಳಿ, ತಾಲ್ಲೂಕುಗಳ ಹೆಸರನ್ನು ಇತ್ತೀಚಿನ ಪಹಣಿಯಲ್ಲಿರುವಂತೆಯೇ ಬರೆಯುವುದು.
2) ಸರ್ವೆ ನಂಬರಿನೊಂದಿಗೆ ಹಿಸ್ಸಾ ನಂಬರನ್ನು ತಪ್ಪದೆ ನಮೂದಿಸುವುದು. ಸಿಟಿ ಸರ್ವೆಗೆ ಒಳಪಟ್ಟ ಆಸ್ತಿಯಾಗಿದ್ದಲ್ಲಿ ಸಿ.ಟಿ.ಎಸ್. ನಂಬರನ್ನು ಬರೆಯುವುದು.
3) ಪಹಣಿ, ನಕಾಶೆ ಮತ್ತು ಖರೀದಿ ಪತ್ರಗಳಲ್ಲಿನ ವಿಸ್ತೀರ್ಣ ಹೊಂದುತ್ತಿದೆಯೇ ಎಂದು ಪರಿಶೀಲಿಸುವುದು.
4) ವ್ಯತ್ಯಾಸ ಕಂಡುಬಂದಲ್ಲಿ ಖರೀದಿ, ವಿಭಾಗ ಅಥವಾ ಸಾಲದ ವ್ಯವಹಾರಕ್ಕೆ ಮೊದಲೇ ಗ್ರಾಮ ಆಡಳಿತ ಅಧಿಕಾರಿ, ನಾಡಕಚೇರಿ ಅಥವಾ ತಾಲ್ಲೂಕಿನ ಭೂಮಾಪನ ಕಚೇರಿಯನ್ನು ಸಂಪರ್ಕಿಸುವುದು.
5) ಬಾಂದುಕಲ್ಲುಗಳನ್ನು ಕೀಳದೆ, ಸ್ಥಳಾಂತರಿಸದೆ ಕಾಪಾಡಿಕೊಳ್ಳುವುದು. ಕಲ್ಲು ಇಲ್ಲದಿದ್ದಲ್ಲಿ ಗಡಿಯನ್ನು ಮತ್ತೆ ಅಳತೆಯಿಂದಲೇ ಗುರುತಿಸಬೇಕಾಗುತ್ತದೆ.