ಪರಿಸರ ಹೆಜ್ಜೆಗುರುತು

ಜನ ಬಳಸುವ ಆಹಾರ, ನಾರು, ಮರಮುಟ್ಟುಗಳನ್ನು ಒದಗಿಸಲು ಮತ್ತು ಅವರು ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳಲು ಎಷ್ಟು ನೆಲ, ಜಲ ಬೇಕೆಂದು ಅಳೆಯುವ ಲೆಕ್ಕಪದ್ಧತಿ. ನಿಸರ್ಗ ಒಂದು ವರ್ಷದಲ್ಲಿ ಮತ್ತೆ ತುಂಬಿಕೊಡಬಲ್ಲ ಪ್ರಮಾಣಕ್ಕೆ ಜೈವಿಕ ಸಾಮರ್ಥ್ಯ ಎನ್ನುತ್ತಾರೆ. ಎರಡಕ್ಕೂ ಮಾನ ಜಾಗತಿಕ ಹೆಕ್ಟೇರ್, ಅಂದರೆ ಜಗತ್ತಿನ ಸರಾಸರಿ ಉತ್ಪಾದಕತೆಯುಳ್ಳ ಒಂದು ಹೆಕ್ಟೇರ್.

ಜನಸಂಖ್ಯೆ ಆಹಾರವನ್ನು ಮೀರಿ ಬೆಳೆಯುತ್ತದೆಂಬ ಮಾಲ್ಥಸನ ವಾದ 1798ರಷ್ಟು ಹಳೆಯದು. 1965ರಲ್ಲಿ ಗೇಯಾರ್ಗ್ ಬೋರ್ಗ್‌ಸ್ಟ್ರೋಮ್, ದೇಶಗಳು ಆಮದಿನ ಮೂಲಕ ಹೊರಗಿನ ಎಷ್ಟೋ ಎಕರೆಗಳನ್ನು ಉಣ್ಣುತ್ತಿವೆ ಎಂದು ತೋರಿಸಿದ. 1986ರಲ್ಲಿ ಪೀಟರ್ ವಿಟೌಸೆಕ್ ಮತ್ತು ಸಂಗಡಿಗರು, ನೆಲದ ಸಸ್ಯಗಳ ನಿವ್ವಳ ಉತ್ಪನ್ನದಲ್ಲಿ ಸುಮಾರು ಶೇ. 40 ಮನುಷ್ಯನ ಬಳಕೆಗೋ ಅವನಿಂದಾದ ನಷ್ಟಕ್ಕೋ ಸಲ್ಲುತ್ತದೆಂದು ಅಂದಾಜಿಸಿದರು.

ಈ ನೆಲ ಎಷ್ಟು ಜನರನ್ನು ಸಾಕಬಲ್ಲುದು ಎಂಬ ಹಳೆಯ ಪ್ರಶ್ನೆಯನ್ನು ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ವಿಲಿಯಂ ರೀಸ್ ತಿರುವಿಹಾಕಿದರು: ಇಷ್ಟು ಜನಕ್ಕೆ ಎಷ್ಟು ನೆಲ ಬೇಕು? 1992ರ ಪ್ರಬಂಧದಲ್ಲಿ ಅವರು ಈ ಪರಿಕಲ್ಪನೆಯನ್ನು ಮಂಡಿಸಿದರು. ಅವರ ವಿದ್ಯಾರ್ಥಿ, ಸ್ವಿಟ್ಜರ್ಲೆಂಡಿನ ಮಥಿಸ್ ವಾಕರ್ನಾಗೆಲ್ ಇದರ ಲೆಕ್ಕದ ವಿಧಾನ ರೂಪಿಸಿ 1994ರಲ್ಲಿ ಪಿಎಚ್.ಡಿ. ಪಡೆದರು, 1996ರಲ್ಲಿ ಇಬ್ಬರ ಪುಸ್ತಕ ಬಂತು. ವ್ಯಾಂಕೂವರ್ ನಗರವಿರುವ ಲೋಯರ್ ಫ್ರೇಜರ್ ಕಣಿವೆಯ ಜನಕ್ಕೆ ಕಣಿವೆಯ ವಿಸ್ತೀರ್ಣದ ಸುಮಾರು 20 ಪಟ್ಟು ನೆಲ ಬೇಕೆಂದು ಅವರ ಲೆಕ್ಕ ಹೇಳಿತು.

ಉಳುಮೆಯ ನೆಲ, ಹುಲ್ಲುಗಾವಲು, ಕಾಡು, ಮೀನುಗಾರಿಕೆಯ ನೀರು, ಕಟ್ಟಡಗಳ ಜಾಗ, ಇಂಗಾಲ ಹೀರಲು ಬೇಕಾದ ಕಾಡು ಎಂದು ಲೆಕ್ಕದಲ್ಲಿ ಆರು ಬಾಬ್ತುಗಳಿವೆ. ದೇಶದ ಉತ್ಪಾದನೆಗೆ ಆಮದು ಕೂಡಿಸಿ ರಫ್ತು ಕಳೆಯುತ್ತಾರೆ. ಕೊಡಗಿನ ಕಾಫಿಬೀಜ ಇಟಲಿಗೆ ಹೋಗಿ ಅಲ್ಲಿ ಬಳಕೆಯಾದರೆ, ಅದು ಬೆಳೆದ ತೋಟದ ಪಾಲು ಇಟಲಿಯ ಖಾತೆಗೆ ಬೀಳುತ್ತದೆ. ಭಾರತದ ತಲಾ ಹೆಜ್ಜೆಗುರುತು ಜಗತ್ತಿನ ಸರಾಸರಿಗಿಂತ ಬಹಳ ಕಡಿಮೆ. ಆದರೂ ದೇಶದ ಒಟ್ಟು ಬೇಡಿಕೆ ತನ್ನ ಜೈವಿಕ ಸಾಮರ್ಥ್ಯವನ್ನು ಮೀರಿದೆ.

2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮನುಕುಲದ ಬೇಡಿಕೆ 1961ರಲ್ಲಿ ಭೂಮಿಯ ಸಾಮರ್ಥ್ಯದ ಶೇ. 70ರಷ್ಟಿತ್ತು, 1999ಕ್ಕೆ ಶೇ. 120 ಮುಟ್ಟಿತು. 2003ರಲ್ಲಿ ಸ್ಥಾಪನೆಯಾದ ಗ್ಲೋಬಲ್ ಫುಟ್‌ಪ್ರಿಂಟ್ ನೆಟ್‌ವರ್ಕ್ ರಾಷ್ಟ್ರಗಳ ಲೆಕ್ಕಗಳನ್ನು ಬೆಳೆಸಿತು. ವರ್ಷದ ಜೈವಿಕ ಸಾಮರ್ಥ್ಯ ಮುಗಿದುಹೋಗುವ ದಿನವನ್ನು 2006ರಿಂದ ‘ಅರ್ತ್ ಓವರ್‌ಶೂಟ್ ಡೇ’ ಎಂದು ಸಾರಲಾಗುತ್ತಿದೆ. 2019ರಲ್ಲಿ ಜುಲೈ 29ರಂದು ಬಿದ್ದಿದ್ದ ಈ ದಿನ, ಕೋವಿಡ್ ಲಾಕ್‌ಡೌನಿನ 2020ರಲ್ಲಿ ಆಗಸ್ಟ್ 22ಕ್ಕೆ ಸರಿಯಿತು.

ಪದ್ಧತಿಗೆ ಆಕ್ಷೇಪಗಳೂ ಇವೆ. ಮಿತಿಮೀರಿದ ಪ್ರಮಾಣವೆಲ್ಲ ಹೆಚ್ಚುಕಡಿಮೆ ಇಂಗಾಲದ ಬಾಬ್ತಿನದೇ, ಉಳಿದ ಐದು ಸರಿಸುಮಾರು ಸರಿತೂಗುತ್ತವೆ ಎಂದು 2013ರಲ್ಲಿ ಕೆಲವು ವಿಜ್ಞಾನಿಗಳು ತೋರಿಸಿದರು. ಮಣ್ಣಿನ ಸವಕಳಿ, ಅಂತರ್ಜಲದ ಕುಸಿತ ಇದರಲ್ಲಿ ನೇರವಾಗಿ ಕಾಣಿಸುವುದಿಲ್ಲ. ಆದುದರಿಂದ ಯಾವುದೇ ದೇಶದ ಒಟ್ಟು ಅಂಕಿಯನ್ನು ಓದುವಾಗ ಇಂಗಾಲದ ಪಾಲನ್ನು ಬೇರ್ಪಡಿಸಿ, ಮಣ್ಣು ನೀರಿನ ಸ್ಥಿತಿಯನ್ನು ಪ್ರತ್ಯೇಕವಾಗಿ ನೋಡುವುದು ಅಗತ್ಯ.